ನಡುವೆ ಬಂದು ನಿಲ್ಲುವವರು

ನಾನಾಗ ಏಳನೇ ಕ್ಲಾಸು. ಕಾರಹುಣ್ಣಿಮೆ ಮುಗಿದು ಒಂದು ವಾರ ಆಗಿತ್ತು. ಮೊದಲ ಮಳೆಗೆ ಎರೆ ಹೊಲ ಹದಕ್ಕೆ ಬಂದಿತ್ತು, ಕಾಕಾ ಕುಂಟೆ ಹೂಡಿಕೊಂಡು ಹರಗುತ್ತಿದ್ದರು. ನಮ್ಮೂರು ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನಲ್ಲಿದೆ. ಡೋಣಿ ಬೆಳೆದರೆ ಓಣಿ ತುಂಬಾ ಜೋಳ ಅಂತಾರಲ್ಲ, ಆ ಭೂಮಿ.

ಪಕ್ಕದ ಹೊಲದವರು ಬದುವಿನ ಮೇಲೆ ಬಂದು ನಿಂತು, "ಏನಲೇ, ಬದು ಒತ್ತಾಕತ್ತೀಯಲ್ಲ" ಅಂದರು. ಕಾಕಾ ಇಲ್ಲ ಅಂದರು. ಐದು ನಿಮಿಷದೊಳಗೆ ಮಾತು ಅಪ್ಪ ಅಜ್ಜಂದಿರ ತನಕ ಹೋಯಿತು. ಅವರ ಕೈಯಲ್ಲಿ ಕುಡಗೋಲು ಇತ್ತು. ಕಾಕಾ ಬಾರುಕೋಲನ್ನು ತಿರುವಿ ಹಿಡಿದಿದ್ದರು. ನಾನು ಎತ್ತಿನ ಹಗ್ಗ ಹಿಡಿದುಕೊಂಡು ಸುಮ್ನೆ ನಿಂತಿದ್ದೆ, ಕಾಲು ನಡುಗುತ್ತಿದ್ದವು.

ಆ ಹೊಲದಲ್ಲಿ ಕೂಳೆ ಆರಿಸುತ್ತಿದ್ದ ಅವರ ತಾಯಿ, ನಾವೆಲ್ಲ ಆಯಿ ಅಂತಿದ್ದೆವು, ಎದ್ದು ಬಂದರು. ಓಡಿ ಬರಲಿಲ್ಲ, ನಡೆದೇ ಬಂದರು. ಇಬ್ಬರ ನಡುವೆ ನಿಂತರು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಏನಂದರೆ, ಅವರು ನಮ್ಮ ಕಾಕಾನ ಕಡೆಗೆ ಬೆನ್ನು ಮಾಡಿದರು, ಮುಖ ತಮ್ಮ ಮಗನ ಕಡೆಗೆ. ಮಗನ ಎದೆ ಮೇಲೆ ಅಂಗೈ ಇಟ್ಟು, "ಮೊದಲ ನೀರ ಕುಡೀರಿ. ಆಮ್ಯಾಲ ಬಡದಾಡೂದು ಇದ್ದೇ ಐತಿ" ಅಂದರು. ಅಷ್ಟರಲ್ಲಿ ಆಚೆ ಹೊಲದಿಂದ ಇಬ್ಬರು ಬಂದರು. ಒಬ್ಬರು ಕಾಕಾನ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಕಡೆ ಕರೆದುಕೊಂಡು ಹೋದರು. ಇನ್ನೊಬ್ಬರು ಕುಡಗೋಲು ಇಸಿದುಕೊಂಡರು. ಮುಗಿಯಿತು.

ಮುಂದೆ ಬಹಳ ವರ್ಷಗಳ ಮೇಲೆ, ಹಿಂಸೆ ಯಾಕೆ ಆಗುತ್ತದೆ ಅಂತ ಸಂಶೋಧಕರು ಬರೆದಿದ್ದನ್ನು ಓದುತ್ತಾ ಓದುತ್ತಾ ನನಗೆ ಮತ್ತೆ ಮತ್ತೆ ಆ ಅಂಗೈ ನೆನಪಾಗುತ್ತಿತ್ತು.

ಮೊದಲು ಜಗಳದ ಗಾತ್ರ ನೋಡೋಣ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಒಟ್ಟು 1,089 ಚದರ ಅಡಿ. 40 ಗುಂಟೆ ಸೇರಿದರೆ ಎಕರೆ. ಬದು 330 ಅಡಿ ಉದ್ದ ಇದೆ, ಒಂದು ಅಡಿ ಒಳಗೆ ಸರಿದಿದೆ ಅಂದುಕೊಳ್ಳಿ. ಹೋಗಿದ್ದು 330 ಚದರ ಅಡಿ, ಗುಂಟೆಯ ಮೂರನೇ ಒಂದು ಪಾಲೂ ಇಲ್ಲ. ಎಕರೆಗೆ 5 ಕ್ವಿಂಟಲ್ ಜೋಳ ಅಂತ ಹಿಡಿದರೆ ವರ್ಷಕ್ಕೆ 4 ಕಿಲೋಗಿಂತ ಕಡಿಮೆ. ಎರಡು ಮನೆಯ ಗಂಡಸರು ಕುಡಗೋಲು, ಬಾರುಕೋಲು ಹಿಡಿದು ನಿಂತಿದ್ದು ಇಷ್ಟಕ್ಕೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ದರೋಡೆ ಅಲ್ಲ, ಗ್ಯಾಂಗ್ ಅಲ್ಲ, ತಂಟೆ ತಕರಾರು: 9,962 ಪ್ರಕರಣ. ಜಮೀನು, ಮನೆಯೊಳಗಿನ ಕಿತ್ತಾಟ, ಸಾಲದ ದುಡ್ಡು, ನೀರು, ಸಣ್ಣಪುಟ್ಟ ಮಾತು ಎಲ್ಲ ಇದರೊಳಗೇ ಬರುತ್ತವೆ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಆಯಿತು. ಹಳೆ ದ್ವೇಷದ ಕೊಲೆಗಳು ಇದರ ಅರ್ಧದಷ್ಟೂ ಇಲ್ಲ, 3,761. ಲಾಭಕ್ಕಾಗಿ ಮಾಡಿದ್ದು ಇನ್ನೂ ಕಡಿಮೆ.

ಅಮೆರಿಕದಲ್ಲಿ ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬ ಸಮಾಜಶಾಸ್ತ್ರಜ್ಞರು ಫಿಲಡೆಲ್ಫಿಯಾ ನಗರದ ಪೊಲೀಸ್ ಕಡತಗಳನ್ನು ತೆಗೆದುಕೊಂಡು ಕೂತಿದ್ದರು. 1948ರಿಂದ 1952ರ ತನಕ ಅಲ್ಲಿ ಕೊಲೆಯಾದವರು 588 ಮಂದಿ. 1958ರಲ್ಲಿ ಅವರು ಬರೆದಿದ್ದೂ ಇದನ್ನೇ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕೊಲೆಗಳು ಒಂದು ಬೈಗುಳ, ಒಂದು ನೂಕಾಟ, ಒಂದು ಸಣ್ಣ ಮಾತಿನಿಂದ ಶುರುವಾಗಿದ್ದವು. ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಮೊದಲು ಕೈ ಎತ್ತಿದ್ದು ಸತ್ತವರೇ. ಅಂದರೆ ಬಹಳ ಸಲ, ಆ ಹೊತ್ತಿನ ಗಾಳಿ ಸ್ವಲ್ಪ ಆ ಕಡೆ ಬೀಸಿದ್ದರೆ ಕೊಂದವನು ಹೆಣ ಆಗುತ್ತಿದ್ದ, ಹೆಣವಾದವನು ಜೈಲಿನಲ್ಲಿರುತ್ತಿದ್ದ.

ಹಾಗಾದರೆ ಸಣ್ಣ ಮಾತು ಹೆಣದ ತನಕ ಹೋಗುವುದು ಹೇಗೆ? 1977ರಲ್ಲಿ ಡೇವಿಡ್ ಲಕೆನ್‌ಬಿಲ್ ಎಂಬುವರು ಕ್ಯಾಲಿಫೋರ್ನಿಯಾದ ಸುಮಾರು 70 ಕೊಲೆ ಪ್ರಕರಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಿದರು. ಒಬ್ಬ ಏನೋ ಅಂದ. ಇನ್ನೊಬ್ಬನಿಗೆ ಅದು ಅವಮಾನ ಅನ್ನಿಸಿತು. ತಿರುಗಿ ಉತ್ತರ ಕೊಟ್ಟ. ಈಗ ಮೊದಲಿನವನು ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಇಬ್ಬರೂ ಒಂದೊಂದು ಮೆಟ್ಟಿಲು ಹತ್ತುತ್ತಾ ಹೋಗುತ್ತಾರೆ, ಇಳಿಯುವ ದಾರಿ ಯಾರಿಗೂ ಕಾಣುವುದಿಲ್ಲ. ಅವರು ಗಮನಿಸಿದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸುತ್ತ ಜನ ನಿಂತಿದ್ದಾಗ ಎಷ್ಟೋ ಸಲ ಅವರೇ ಬೆಂಕಿಗೆ ಎಣ್ಣೆ ಸುರಿದಿದ್ದರು. ಇನ್ನು ಕೆಲವು ಸಲ ಬಾಯಿ ಮುಚ್ಚಿಕೊಂಡು ನೋಡಿದ್ದರು. ಜಗಳದಲ್ಲಿದ್ದವರು ಆ ಮೌನವನ್ನೂ ಒಪ್ಪಿಗೆ ಅಂತಲೇ ತಿಳಿದುಕೊಂಡಿದ್ದರು.

ಚಿಕಾಗೋದಲ್ಲಿ ಹುಡುಗರಿಗೆ ಒಂದು ಆಟ ಆಡಿಸುತ್ತಾರೆ. ಒಬ್ಬನ ಮುಷ್ಟಿಯಲ್ಲಿ ಚೆಂಡು ಇರುತ್ತದೆ, ಜೊತೆಯವನು 30 ಸೆಕೆಂಡಿನಲ್ಲಿ ಅದನ್ನು ತೆಗೆದುಕೊಳ್ಳಬೇಕು. ಹೆಚ್ಚುಕಡಿಮೆ ಎಲ್ಲರೂ ಕಿತ್ತಾಡುತ್ತಾರೆ, ಕೈ ತಿರುವುತ್ತಾರೆ. ಆಮೇಲೆ ಗುರು ಕೇಳುತ್ತಾರೆ, "ಚೆಂಡು ಕೊಡಪ್ಪಾ ಅಂತ ಯಾಕೆ ಯಾರೂ ಕೇಳಲಿಲ್ಲ?" ಕೇಳಿದ್ದರೆ ನನ್ನನ್ನು ಹೇಡಿ ಅಂದುಕೊಳ್ಳುತ್ತಿದ್ದ ಅಂತ ಹುಡುಗರು ಹೇಳುತ್ತಾರೆ. ಚೆಂಡು ಹಿಡಿದವನನ್ನು ಕೇಳಿದರೆ, ಕೇಳಿದ್ದರೆ ಕೊಡುತ್ತಿದ್ದೆ, ಒಂದು ಚೆಂಡು ತಾನೆ ಅನ್ನುತ್ತಾನೆ. ಇಂಥ ಪಾಠಗಳಿರುವ ಆ ಕಾರ್ಯಕ್ರಮಕ್ಕೆ ಚೀಟಿ ಎತ್ತಿದ ಹಾಗೆ ಹುಡುಗರನ್ನು ಆರಿಸಿ, ಆಯ್ಕೆಯಾದವರನ್ನೂ ಆಗದವರನ್ನೂ ಹೋಲಿಸಿ ನೋಡಿದರು. ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸೆಯ ಕೇಸಿನಲ್ಲಿ ಬಂಧನಕ್ಕೆ ಒಳಗಾಗುವುದು 45ರಿಂದ 50 ಶೇಕಡಾ ಕಡಿಮೆಯಾಗಿತ್ತು. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ನೀರು ಕುಡೀರಿ ಅಂದ ಆಯಿ ಕೊಟ್ಟಿದ್ದೂ ಅಷ್ಟೇ ಹೊತ್ತಿನ ಬಿಡುವು ಅಲ್ವಾ?

ಈಗ ನೋಡುತ್ತಾ ನಿಂತವರ ವಿಷಯ. "ಯಾರೂ ಬಿಡಿಸೋಕೆ ಬರಲ್ಲ, ಮೊಬೈಲ್ ಹಿಡಿದು ವಿಡಿಯೋ ಮಾಡ್ತಾರೆ" ಅಂತ ನಾವು ದಿನಾ ಬೈಯುತ್ತೇವೆ. ಈ ನಂಬಿಕೆಗೆ ಒಂದು ದೊಡ್ಡ ಚರಿತ್ರೆಯೇ ಇದೆ. 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ಕಿಟಕಿಯಿಂದ ನೋಡುತ್ತಾ ಸುಮ್ಮನಿದ್ದರು ಅಂತ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಹಾಗೆ ಮೈಕಿನಲ್ಲಿ ಕೇಳಿಸಿದಾಗ, ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ 85 ಶೇಕಡಾ ಜನ ಫಿಟ್ಸ್ ಬಂದವರ ದನಿ ಇನ್ನೂ ಕೇಳುತ್ತಿದ್ದಾಗಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು 31 ಶೇಕಡಾ. 1968ರಲ್ಲಿ ಪ್ರಕಟವಾದ ಇದು ಪಠ್ಯಪುಸ್ತಕಕ್ಕೆ ಹೋಯಿತು, ಜನ ಜಾಸ್ತಿ ಇದ್ದಷ್ಟೂ ಸಹಾಯ ಕಡಿಮೆ ಅನ್ನುವುದು ಎಲ್ಲರ ಬಾಯಿಗೂ ಬಂತು. ಆಮೇಲೆ ದಾಖಲೆ ತೆಗೆದು ನೋಡಿದವರಿಗೆ ಗೊತ್ತಾಗಿದ್ದು, ಆ 38 ಜನರ ಕಥೆಗೆ ಆಧಾರವೇ ಇರಲಿಲ್ಲ.

ಆ ಪ್ರಯೋಗ ಸುಳ್ಳಲ್ಲ. ಆದರೆ ಅದರಲ್ಲಿದ್ದವರು ಒಂಟಿ ಕೋಣೆಯಲ್ಲಿ ಕೂತಿದ್ದರು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹೊಲದಲ್ಲಿ ಹಾಗಿರುವುದಿಲ್ಲ. ಅದಕ್ಕೇ ಹೊಸ ಸಂಶೋಧಕರು ಬೀದಿಗೆ ಹಾಕಿದ ಸಿಸಿಟಿವಿಯನ್ನೇ ನೋಡಿದರು. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್, ಇಂಗ್ಲೆಂಡಿನ ಲ್ಯಾಂಕಾಸ್ಟರ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಈ ಮೂರು ಊರುಗಳಲ್ಲಿ ನಡೆದ 219 ನಿಜವಾದ ಜಗಳಗಳು. 2019ರಲ್ಲಿ ಬಂದ ಫಲಿತಾಂಶ: ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಒಬ್ಬರಾದರೂ ಬಿಡಿಸಲು ಬಂದಿದ್ದರು, ಹೆಚ್ಚಿನ ಕಡೆ ಒಬ್ಬರಿಗಿಂತ ಜಾಸ್ತಿ. ಸುತ್ತ ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಏರುತ್ತಿತ್ತು. ಹಿಂಸೆಗೆ ಹೆಸರಾದ ಕೇಪ್‌ಟೌನಿನಲ್ಲೂ ಅಷ್ಟೇ, ಶಾಂತ ಲ್ಯಾಂಕಾಸ್ಟರ್‌ನಲ್ಲೂ ಅಷ್ಟೇ. ಬಂದವರು ಏನು ಮಾಡುತ್ತಿದ್ದರು? ಅಂಗೈ ತೋರಿಸಿ ಸಮಾಧಾನ ಮಾಡುವುದು, ನಡುವೆ ನಿಲ್ಲುವುದು, ಒಬ್ಬರನ್ನು ಹಿಡಿದು ಪಕ್ಕಕ್ಕೆ ಕರೆದೊಯ್ಯುವುದು.

ಆ ತಂಡದಲ್ಲಿದ್ದ ಮಾರ್ಕ್ ಲೆವಿನ್ 2011ರಲ್ಲೇ ಇಂಗ್ಲೆಂಡಿನ 42 ಜಗಳಗಳ ಸಿಸಿಟಿವಿ ನೋಡಿ ಇನ್ನೊಂದು ಮಾತು ಹೇಳಿದ್ದರು. ಒಬ್ಬರೇ ಬಂದರೆ ಬಹಳ ಸಲ ಸಾಲುವುದಿಲ್ಲ. ಒಬ್ಬರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದಾಗ ಜಗಳ ಇಳಿಯುತ್ತದೆ. ನಮ್ಮ ಹೊಲದಲ್ಲಿ ನಾನು ಎಷ್ಟೋ ವರ್ಷ ಆಯಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಇದನ್ನು ಓದಿದ ಮೇಲೆ ಆಚೆ ಹೊಲದಿಂದ ಬಂದ ಆ ಇಬ್ಬರು ನೆನಪಾದರು. ಕುಡಗೋಲು ಇಸಿದುಕೊಂಡಿದ್ದು ಅವರಲ್ಲೇ ಒಬ್ಬರು ತಾನೆ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯ ಆಗುತ್ತದೆ. ಯಾಕೆಂದರೆ ನಾವು ಬಿಡಿಸಲು ಹೋಗದ ಜಗಳ ಒಂದಿದೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ಗಾದೆ ಮಾಡಿ, ಬಾಗಿಲ ಹೊರಗೇ ನಿಲ್ಲುತ್ತೇವೆ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ 44 ಶೇಕಡಾ ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹತ್ತರಲ್ಲಿ ನಾಲ್ಕು ಮನೆಗಿಂತ ಜಾಸ್ತಿ. ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಎಣಿಸಿ ನೋಡಿ, ಹೊಟ್ಟೆ ಉರಿಯುತ್ತದೆ. ಕೂಗು ಎಲ್ಲರಿಗೂ ಕೇಳುತ್ತದೆ, ಬಾಗಿಲು ಬಡಿಯುವವರು ಇಲ್ಲ. 2008ರಲ್ಲಿ ಶುರುವಾದ "ಬೆಲ್ ಬಜಾವೋ" ಪ್ರಚಾರ ಕೇಳಿದ್ದೂ ಬಹಳ ದೊಡ್ಡದಲ್ಲ: ಬೆಲ್ ಒತ್ತಿ, ಏನಾದರೂ ನೆಪ ಹೇಳಿ, ಹೊರಗೆ ಒಬ್ಬರಿದ್ದಾರೆ ಅಂತ ಒಳಗಿನವನಿಗೆ ಗೊತ್ತಾಗಲಿ. ಹೊಲದಲ್ಲಿ ನಡುವೆ ಬಂದು ನಿಲ್ಲುವ ಧೈರ್ಯ ಇರುವ ನಮ್ಮ ಊರುಗಳಿಗೆ ಇದು ಕಷ್ಟದ ಕೆಲಸ ಆಗಬಾರದು.

ಇನ್ನೊಂದು ವಿಷಯ. ಜಗಳ ಬಿಡಿಸಿದರೂ ತಕರಾರು ಅಲ್ಲೇ ಇರುತ್ತದೆ. ಬದು ಅಲ್ಲೇ ಇರುತ್ತದೆ. ಇದಕ್ಕೆ ಲೈಬೀರಿಯಾದಲ್ಲಿ ಆದ ಒಂದು ಪ್ರಯೋಗ ನಮಗೆ ಬಹಳ ಹತ್ತಿರದ್ದು. ಯುದ್ಧ ಮುಗಿದು ಜನ ಊರಿಗೆ ಮರಳಿದ್ದರು, ಎಲ್ಲಿ ನೋಡಿದರೂ ಜಮೀನಿನ ಜಗಳ. 246 ಊರುಗಳಲ್ಲಿ 86 ಊರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ತಕರಾರನ್ನು ಮಾತಿನಲ್ಲಿ ಬಗೆಹರಿಸುವುದು ಹೇಗೆ ಅಂತ ಜನರಿಗೆ ತರಬೇತಿ ಕೊಟ್ಟರು. ತರಬೇತಿ ಸಿಕ್ಕಿದ್ದು ದೊಡ್ಡವರಲ್ಲಿ 15 ಶೇಕಡಾ ಜನರಿಗೆ ಮಾತ್ರ. ಒಂದು ವರ್ಷದ ಮೇಲೆ ಹೋಗಿ ನೋಡಿದರೆ, ಆ ಊರುಗಳಲ್ಲಿ ಜಮೀನಿನ ತಕರಾರು ಬಗೆಹರಿದಿದ್ದು ಜಾಸ್ತಿ, ಹೊಡೆದಾಟ ಕಡಿಮೆ. ತರಬೇತಿಗೆ ಬಾರದವರಿಗೂ ಅದರ ಲಾಭ ತಟ್ಟಿತ್ತು. ಆದರೆ ಅದೇ ಸಂಶೋಧಕರು ಒಂದು ಕೆಟ್ಟ ಫಲವನ್ನೂ ಮುಚ್ಚಿಡದೆ ಬರೆದರು: ಕಾನೂನು ಬಿಟ್ಟು ಊರವರೇ ಶಿಕ್ಷೆ ಕೊಡುವುದು ಆ ಊರುಗಳಲ್ಲಿ ಹೆಚ್ಚಾಗಿತ್ತು.

ಈ ಎರಡನೇ ಸಾಲನ್ನು ನಮ್ಮ ಹಿರಿಯರು ಕಟ್ಟೆ ಮೇಲೆ ಕೂತು ಓದಬೇಕು. ಪಂಚಾಯ್ತಿ ಮಾಡಿ ಸಮಾಧಾನ ಮಾಡುವುದು ಒಳ್ಳೆಯದು, ಆದರೆ ಸಮಾಧಾನದ ಹೆಸರಿನಲ್ಲಿ ಯಾವಾಗಲೂ "ನೀ ಹೊಂದಿಕೊಂಡು ಹೋಗು" ಅನ್ನಿಸಿಕೊಳ್ಳುವವರು ಯಾರು? ಎರಡು ಎಕರೆಯ ಬಡವ, ಕೆಳಜಾತಿಯವ, ಗಂಡ ಸತ್ತ ಹೆಂಗಸು. ಅಂಥ ಸಮಾಧಾನ ಮೂರು ವರ್ಷಕ್ಕೆ ಮತ್ತೆ ಕುಡಗೋಲಾಗಿ ಹೊರಗೆ ಬರುತ್ತದೆ. ಹಾಗಾಗಿ ಅಳತೆ ಬೇಕು, ಕಾಗದ ಬೇಕು. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೇಯವರು ಬಂದು ಗಡಿ ತೋರಿಸಿಕೊಡುತ್ತಾರೆ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಜಗಳ ಬಿಡಿಸಿದವರೇ ಮರುದಿನ ಇಬ್ಬರನ್ನೂ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮಲ್ಲಿ ಹಾಗೇ ಆಯಿತು. ಉತಾರ, ಅಂದರೆ ಪಹಣಿ, ಹಿಡಿದುಕೊಂಡು ಕಾಕಾ ಮತ್ತು ಆಯಿಯ ಮಗ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ತಾಲ್ಲೂಕಿಗೆ ಹೋದರು. ಸರ್ವೇಯವರು ಬಂದಾಗ ಜೋಳ ಮೊಳಕಾಲುದ್ದ ಆಗಿತ್ತು. ಸರಪಳಿಯ ಒಂದು ತುದಿ ಆಯಿಯ ಮಗ ಹಿಡಿದರು, ಇನ್ನೊಂದು ತುದಿ ಕಾಕಾ. ಅಳತೆ ಮುಗಿದಾಗ ನಮ್ಮ ಕಡೆಯಿಂದಲೇ ಒಂದು ಗೇಣು ಅವರಿಗೆ ಹೋಯಿತು. ಕಾಕಾ ಏನೂ ಅನ್ನಲಿಲ್ಲ, ಬಾಂದುಕಲ್ಲು ನೆಡಲು ಗುಂಡಿ ತಾವೇ ತೋಡಿದರು. ಆ ವರ್ಷ ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಿದ ಮೇಲೆ ಆಯಿ ಸೆರಗಿನಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ನಮ್ಮ ಹೊಲಕ್ಕೆ ಬಂದರು.

ಆಯಿ ಈಗಿಲ್ಲ. ಕಲ್ಲು ಇದೆ. ಕಾಕಾ ಹರಗುವಾಗ ಅದರ ಹತ್ತಿರ ಬಂದರೆ ಇವತ್ತಿಗೂ ಒಂದು ಮೊಳ ಬಿಟ್ಟೇ ಕುಂಟೆ ತಿರುಗಿಸುತ್ತಾರೆ, ಅಷ್ಟು ಜಾಗದಲ್ಲಿ ಕರಿಕೆ ಬೆಳೆದಿದೆ.