ಕೆನಡಾದಲ್ಲಿ ಚಿಕಿತ್ಸೆ ಪುಕ್ಕಟೆ, ಆದರೆ ನಿಮಗಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಇರುವ ನನ್ನ ಕಚೇರಿಗೆ ವೀಸಾ ಕಾಗದಪತ್ರ ಮತ್ತು ಪ್ರವಾಸ ವಿಮೆಗಾಗಿ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ತಂದೆತಾಯಿಗಳು. ಮಗ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುತ್ತಾನೆ, ಮಗಳು ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಸಂಸಾರ ಹೂಡಿರುತ್ತಾಳೆ, ಹೀಗಾಗಿ ಎರಡೂ ದೇಶಗಳನ್ನು ಒಂದೇ ಪ್ರಯಾಣದಲ್ಲಿ ಮುಗಿಸಿ ಬರಬೇಕೆಂಬ ಆಸೆ ಇವರಿಗೆ ಇರುತ್ತದೆ. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನಾನು ವಾರಕ್ಕೊಮ್ಮೆಯಾದರೂ ಕೇಳುವ ಮಾತೊಂದಿದೆ: "ಕೆನಡಾದಾಗ ದವಾಖಾನಿ ಎಲ್ಲಾ ಪುಕ್ಕಟ ಅದ ಅಂತಲ್ರಿ ಸರ, ಮತ್ತ ಈ ಇನ್ಶೂರೆನ್ಸ್ ರೊಕ್ಕ ಯಾಕ ಕಟ್ಟಬೇಕು?" ಈ ಅಂಕಣ ಬರೆಯಲು ಆ ಒಂದು ಪ್ರಶ್ನೆಯೇ ಕಾರಣ.

ಕೆನಡಾದಲ್ಲಿ ವೈದ್ಯರಿಗೂ ಆಸ್ಪತ್ರೆಗೂ ರೋಗಿ ಹಣ ಕೊಡಬೇಕಿಲ್ಲ ಎಂಬುದು ನಿಜ. ಆದರೆ ಆ ಸೌಲಭ್ಯ ಅಲ್ಲಿನ ನೆಲದ ಮೇಲೆ ನಿಂತವರಿಗೆಲ್ಲ ಸಿಗುವುದಿಲ್ಲ, ಆಯಾ ಪ್ರಾಂತ್ಯದ ಆರೋಗ್ಯ ಕಾರ್ಡು ಇರುವವರಿಗೆ ಮಾತ್ರ ಸಿಗುತ್ತದೆ. ಆ ಕಾರ್ಡು ಪೌರರಿಗೆ, ಕಾಯಂ ನಿವಾಸಿಗಳಿಗೆ ಮತ್ತು ಪ್ರಾಂತ್ಯದ ನಿಯಮಕ್ಕೆ ಒಳಪಡುವ ಕೆಲವು ಕೆಲಸಗಾರರಿಗೆ ದೊರೆಯುತ್ತದೆ. ಮಗಳ ಮನೆಗೆ ಬಂದ ತಾಯಿಗೆ, ಆಕೆ ಅಲ್ಲಿ ಐದು ವರ್ಷ ಇರಲು ಅನುಮತಿ ಪಡೆದಿದ್ದರೂ, ಅದು ದೊರೆಯುವುದಿಲ್ಲ. ಮಗಳು ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದಾಳೆ ಎಂಬುದರಿಂದಲೂ ತಾಯಿಯ ಲೆಕ್ಕ ಬದಲಾಗುವುದಿಲ್ಲ.

ಇದನ್ನು ನಮ್ಮ ಭಾಗದವರಿಗೆ ಅರ್ಥ ಮಾಡಿಸಲು ನಾನು ದೂರ ಹೋಗುವುದಿಲ್ಲ. ಬೀದರ್, ಹುಮನಾಬಾದ್, ಚಿಂಚೋಳಿ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೆ ಹೋಗುವುದು ತಲೆಮಾರುಗಳಿಂದ ಬಂದ ರೂಢಿ. ಅಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗಿದ ಜಹೀರಾಬಾದಿನ ರೋಗಿಗೆ ತೆಲಂಗಾಣ ಸರಕಾರದ ಆರೋಗ್ಯಶ್ರೀ ಯೋಜನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಪುಕ್ಕಟೆ ಆಗುತ್ತದೆ, ನಮ್ಮ ಬೀದರಿನ ರೋಗಿಗೆ ಆ ಯೋಜನೆ ಅನ್ವಯಿಸುವುದಿಲ್ಲ. ಆಸ್ಪತ್ರೆ ಅದೇ, ವೈದ್ಯರು ಅವರೇ, ಕಾಯಿಲೆಯೂ ಅದೇ ಆಗಿರಬಹುದು. ಆದರೂ ಆ ಕಾರ್ಡು ತೆಲಂಗಾಣದವರದು, ನಮ್ಮದಲ್ಲ ಎಂಬುದು ಓದುಬರಹ ಬಾರದ ಅಜ್ಜಿಗೂ ತಿಳಿದಿರುತ್ತದೆ, ಯಾರೂ ಅಲ್ಲಿ ಜಗಳ ತೆಗೆಯುವುದಿಲ್ಲ. ನೂರೈವತ್ತು ಕಿಲೋಮೀಟರ್ ದೂರದ ಊರಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ನಮ್ಮವರು ವಿಮಾನ ಹತ್ತುವಾಗ ಮಾತ್ರ ಅದನ್ನು ಮರೆಯುತ್ತಾರೆ.

ಕೆನಡಾದ ವ್ಯವಸ್ಥೆ ಹುಟ್ಟಿದ್ದೂ ಹಾಗೆಯೇ, ಒಂದು ಪ್ರಾಂತ್ಯದ ಜನ ತಮಗಾಗಿ ಮಾಡಿಕೊಂಡದ್ದು ಅದು. ಚಿಕ್ಕಂದಿನಲ್ಲಿ ಕಾಲಿನ ಮೂಳೆಯ ಸೋಂಕಿನಿಂದ ಕಾಲನ್ನೇ ಕಳೆದುಕೊಳ್ಳಲಿದ್ದ ಟಾಮಿ ಡಗ್ಲಸ್ ಅವರನ್ನು ಒಬ್ಬ ಶಸ್ತ್ರವೈದ್ಯರು ಹಣ ಪಡೆಯದೆ ಉಳಿಸಿದ್ದರು. ಅದೇ ಡಗ್ಲಸ್ ಮುಂದೆ ಸಸ್ಕಾಚೆವಾನ್ ಪ್ರಾಂತ್ಯದ ಮುಖ್ಯಸ್ಥರಾಗಿ ಈ ಯೋಜನೆಗೆ ಅಡಿಗಲ್ಲು ಹಾಕಿದರು. 1962ರ ಜುಲೈನಲ್ಲಿ ಅದು ಜಾರಿಗೆ ಬಂದಾಗ ಅಲ್ಲಿನ ವೈದ್ಯರು 23 ದಿನ ಮುಷ್ಕರ ಹೂಡಿದರು, ಆದರೂ ಯೋಜನೆ ನಿಂತಿತು. ಕ್ರಮೇಣ ದೇಶವೆಲ್ಲ ಹಬ್ಬಿ, 1984ರ ಕೆನಡಾ ಆರೋಗ್ಯ ಕಾಯಿದೆಯಲ್ಲಿ ಗಟ್ಟಿಯಾಯಿತು. ಆ ಕಾಯಿದೆ ಹೇಳುವುದು ಪ್ರಾಂತ್ಯದ ನಿವಾಸಿಗಳ ಬಗ್ಗೆ. ಹೊಸ ನಿವಾಸಿಯನ್ನೂ ಪ್ರಾಂತ್ಯವು ಗರಿಷ್ಠ ಮೂರು ತಿಂಗಳು ಕಾಯಿಸಬಹುದು ಎಂದು ಅದರಲ್ಲೇ ಇದೆ. ಪ್ರವಾಸಿಗಳು, ಭೇಟಿಗೆ ಬಂದವರು ನಿವಾಸಿಗಳಲ್ಲ ಎಂದೂ ಅದರಲ್ಲೇ ಸ್ಪಷ್ಟವಾಗಿ ಹೇಳಿದೆ.

ಈ ಗೊಂದಲಕ್ಕೆ ಒಂದು ಹೆಸರೂ ಕಾರಣವಾಗಿದೆ. ಕೆನಡಾದವರು ತಮ್ಮ ಇಡೀ ಸಾರ್ವಜನಿಕ ವ್ಯವಸ್ಥೆಯನ್ನು ಮಾತಿನಲ್ಲಿ 'ಮೆಡಿಕೇರ್' ಎನ್ನುತ್ತಾರೆ. ಅಮೆರಿಕದಲ್ಲಿ ಮೆಡಿಕೇರ್ ಎಂದರೆ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ, ಮುಖ್ಯವಾಗಿ 65 ವರ್ಷ ದಾಟಿದವರಿಗಾಗಿ ಇರುವ ಸರಕಾರಿ ವಿಮೆ. ಕಳೆದ ವರ್ಷ ಶಹಾಬಾದಿನಿಂದ ಬಂದಿದ್ದ ತಾಯಿಯೊಬ್ಬರು ತಮಗೆ 67 ಆಗಿದೆ, ಆದ್ದರಿಂದ ಅಮೆರಿಕದಲ್ಲಿ ಇಳಿದ ಕೂಡಲೇ ಮೆಡಿಕೇರ್ ಸಿಗುತ್ತದೆ ಎಂದು ಪೂರ್ತಿ ನಂಬಿದ್ದರು. ಗ್ರೀನ್ ಕಾರ್ಡು, ಅಂದರೆ ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ, ಪಡೆದು ಬರುವ ವೃದ್ಧರು ಕೂಡ, ಅಲ್ಲಿ ದುಡಿದ ದಾಖಲೆ ತಮ್ಮದಾಗಲಿ ಸಂಗಾತಿಯದಾಗಲಿ ಇಲ್ಲದಿದ್ದರೆ, ಸತತ ಐದು ವರ್ಷ ವಾಸವಿದ್ದ ಮೇಲೆಯೇ ಪ್ರೀಮಿಯಂ ಕಟ್ಟಿ ಅದನ್ನು ಸೇರಬೇಕು. ಆರು ತಿಂಗಳ ಮಟ್ಟಿಗೆ ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಅದು ಇಲ್ಲವೇ ಇಲ್ಲ. ಮಗನ ಕಂಪನಿ ಕೊಡುವ ವಿಮೆಯೂ ಸಾಮಾನ್ಯವಾಗಿ ಹೆಂಡತಿ ಮಕ್ಕಳನ್ನು ಸೇರಿಸಿಕೊಳ್ಳುತ್ತದೆಯೇ ಹೊರತು ತಂದೆತಾಯಿಗಳನ್ನಲ್ಲ.

"ಅಮೆರಿಕದಲ್ಲಿ ಎಮರ್ಜೆನ್ಸಿ ಇದ್ದರೆ ಯಾರನ್ನೂ ತಿರುಗಿಸಿ ಕಳಿಸುವಂತಿಲ್ಲವಂತೆ" ಎಂದು ಓದಿಕೊಂಡ ಮಕ್ಕಳು ಫೋನಿನಲ್ಲಿ ವಾದಿಸುವುದುಂಟು. ಅದೂ ನಿಜವೇ. ಮೆಡಿಕೇರ್ ಸೇರಿದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಯಾರನ್ನೇ ಆಗಲಿ, ಹಣ ಇರಲಿ ಬಿಡಲಿ, ವೀಸಾ ಯಾವುದೇ ಇರಲಿ, ಪರೀಕ್ಷಿಸಿ ಅಪಾಯದಿಂದ ಪಾರು ಮಾಡಬೇಕೆಂದು 1986ರ ಕಾಯಿದೆ ಹೇಳುತ್ತದೆ. ಆದರೆ ಬಿಲ್ಲು ಕೊಡಬಾರದು ಎಂದು ಅದು ಹೇಳುವುದಿಲ್ಲ.

ಎರಡು ದೇಶಗಳ ನಡುವಿನ ನಿಜವಾದ ವ್ಯತ್ಯಾಸವನ್ನು ತಿಳಿಯಬೇಕಾದರೆ ಆಸ್ಪತ್ರೆ ಮತ್ತು ವಲಸೆ ನಿಯಮ ಎರಡನ್ನೂ ಒಟ್ಟಿಗೆ ನೋಡಬೇಕು. ಅಮೆರಿಕದಲ್ಲಿ 21 ದಾಟಿದ ಪೌರನು ತನ್ನ ತಂದೆತಾಯಿಗೆ ಗ್ರೀನ್ ಕಾರ್ಡು ಕೋರಬಹುದು, ಅದಕ್ಕೆ ವಾರ್ಷಿಕ ಮಿತಿಯಿಲ್ಲ. ಆದರೆ ಮಗ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ ಆ ದಾರಿ ಇಲ್ಲ, ಅವನ ಬಳಿ ಗ್ರೀನ್ ಕಾರ್ಡು ಮಾತ್ರ ಇದ್ದರೂ ಇಲ್ಲ, ಅವನು ಪೌರನೇ ಆಗಿರಬೇಕು. ಕೆನಡಾದಲ್ಲಿ ಕಾಯಂ ನಿವಾಸಿಯಾದ ಮಗಳೂ ತಂದೆತಾಯಿಯನ್ನು ಪ್ರಾಯೋಜಿಸಬಹುದು. ಆದರೆ ಸರಕಾರ ಆಹ್ವಾನ ಕಳಿಸಿದವರು ಮಾತ್ರ ಅರ್ಜಿ ಹಾಕಬೇಕು, ಸಂಖ್ಯೆಗೆ ಮಿತಿಯಿದೆ, ಕ್ವಿಬೆಕ್ ಪ್ರಾಂತ್ಯ ಬಿಟ್ಟು ಉಳಿದ ಕಡೆ 20 ವರ್ಷ ಅವರ ಖರ್ಚಿನ ಹೊಣೆ ಹೊರುತ್ತೇನೆಂದು ಬರೆದುಕೊಡಬೇಕು. ತಂದೆತಾಯಿಯ ಕಾಯಿಲೆ ಸಾರ್ವಜನಿಕ ವೈದ್ಯ ವ್ಯವಸ್ಥೆಯ ಮೇಲೆ ಅತಿ ಭಾರ ಹಾಕುತ್ತದೆ ಎಂದು ಕಂಡರೆ ಅರ್ಜಿ ತಿರಸ್ಕಾರವಾಗಲೂಬಹುದು. ಎಲ್ಲರ ತೆರಿಗೆಯಿಂದ ನಡೆಯುವ ಆಸ್ಪತ್ರೆಯಿರುವ ದೇಶ ವೃದ್ಧರನ್ನು ಕಾಯಂ ಆಗಿ ಒಳಗೆ ಬಿಡುವಾಗ ಲೆಕ್ಕ ಹಾಕುತ್ತದೆ, ಒಳಗೆ ಬಿಟ್ಟ ಮೇಲೆ ಹೆಚ್ಚೆಂದರೆ ಮೂರು ತಿಂಗಳಲ್ಲಿ ಕಾರ್ಡು ಕೊಡುತ್ತದೆ. ಅಮೆರಿಕ ಪೌರನ ತಂದೆತಾಯಿಯನ್ನು ಹೆಚ್ಚು ಸುಲಭವಾಗಿ ಒಳಗೆ ಬಿಟ್ಟು, ಮೆಡಿಕೇರ್‌ಗಾಗಿ ಐದು ವರ್ಷ ಕಾಯಿಸುತ್ತದೆ. ಆ ಅವಧಿಯಲ್ಲಿ ಅವರು ಹಣ ಕೊಟ್ಟು ಬೇರೆ ವಿಮೆ ಕೊಳ್ಳಬೇಕು.

ಡೆಟ್ರಾಯಿಟ್‌ನಲ್ಲಿ ಮಗನಿರುವ ಒಂದು ಕುಟುಂಬ ನದಿ ದಾಟಿ ಕೆನಡಾದ ವಿಂಡ್ಸರ್‌ಗೆ ಹೋಗಿ ತಂದೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವ ಯೋಚನೆ ಮಾಡಿತ್ತು. ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಕೆನಡಾ ಪ್ರವೇಶ ಸಿಗುವುದಿಲ್ಲ, ಅದಕ್ಕೆ ಬೇರೆ ವೀಸಾ ಬೇಕು, ವೀಸಾ ಸಿಕ್ಕರೂ ಕಾರ್ಡು ಸಿಗುವುದಿಲ್ಲ ಎಂದು ಅವರಿಗೆ ಮೂರು ಸಲ ಹೇಳಬೇಕಾಯಿತು.

ಅಲ್ಲಿ ನೆಲೆಸಿದವರ ತಂದೆತಾಯಿ, ಅಜ್ಜ ಅಜ್ಜಿಯರು ಬಂದು ಹೆಚ್ಚು ಕಾಲ ಇರಲೆಂದು ಕೊಡುವ ಕೆನಡಾದ ಸೂಪರ್ ವೀಸಾ 2011ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2022ರ ಜುಲೈನಿಂದ ಈ ವೀಸಾದಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಆ ಸರಕಾರ ತನ್ನ ಅಭಿಪ್ರಾಯವನ್ನು ಇದರ ಷರತ್ತಿನಲ್ಲೇ ಹೇಳಿದೆ: ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ, ಕನಿಷ್ಠ ಒಂದು ವರ್ಷದ ಖಾಸಗಿ ವೈದ್ಯಕೀಯ ವಿಮೆ ಇರಬೇಕು. ಅದು ಕೆನಡಾದ ಕಂಪನಿಯದಾಗಿರಬೇಕು ಅಥವಾ ಅಲ್ಲಿನ ಸರಕಾರದ ನಿಬಂಧನೆಗೆ ಒಳಪಟ್ಟ ಹೊರದೇಶದ ಕಂಪನಿಯದಾಗಿರಬೇಕು. ಬರೀ ಕೊಟೇಶನ್ ತೋರಿಸಿದರೆ ನಡೆಯದು, ಹಣ ಕಟ್ಟಿರಬೇಕು, ಕಂತಿನಲ್ಲಾದರೂ ಸರಿ. ಚಿಕಿತ್ಸೆ ಇವರಿಗೂ ಪುಕ್ಕಟೆಯಾಗಿದ್ದರೆ ಈ ಷರತ್ತು ಏಕೆ ಬೇಕಿತ್ತು ಎಂದು ನಾನು ಕೇಳುತ್ತೇನೆ. ಅಮೆರಿಕದ ಪ್ರವಾಸಿ ವೀಸಾಕ್ಕೆ ವಿಮೆ ಕಡ್ಡಾಯವಲ್ಲ, ಆದ್ದರಿಂದ ಬಿಲ್ಲು ಹೆಚ್ಚು ಬರುವ ದೇಶಕ್ಕೇ ನಮ್ಮವರು ವಿಮೆಯಿಲ್ಲದೆ ಹೋಗಿಬಿಡುತ್ತಾರೆ.

ಇನ್ನು ವಿಮೆ ತೆಗೆದುಕೊಂಡವರ ವಿಷಯ. ಹತ್ತು ಹನ್ನೆರಡು ವರ್ಷಗಳ ಹಿಂದೆ ಜೇವರ್ಗಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬ್ರ್ಯಾಂಪ್ಟನ್‌ಗೆ ಹೊರಟಿದ್ದರು. ಬಿಪಿ ಇದೆಯೇ ಎಂದು ನಾನು ಕೇಳಿದೆ, ಇದೆ ಎಂದರು, ಫಾರ್ಮಿನಲ್ಲಿ ಹಾಗೆಯೇ ಬರೆದೆ. ಮೊದಲೇ ಇದ್ದ ಕಾಯಿಲೆಗೂ ರಕ್ಷಣೆ ಕೊಡುವ ಪಾಲಿಸಿಯೇ ಅದು, ಆದರೆ ಪಾಲಿಸಿ ಶುರುವಾಗುವ ದಿನಕ್ಕೆ ಹಿಂದಿನ 180 ದಿನ ಕಾಯಿಲೆ ಸ್ಥಿರವಾಗಿರಬೇಕೆಂಬ ಷರತ್ತಿತ್ತು. ಅಲ್ಲಿಗೆ ಹೋದ ಎರಡನೆಯ ತಿಂಗಳಲ್ಲಿ ಅವರಿಗೆ ಎದೆನೋವು ಬಂದು ಎರಡು ರಾತ್ರಿ ಆಸ್ಪತ್ರೆಯಲ್ಲಿ ಇರಬೇಕಾಯಿತು. ಕಂಪನಿಯವರು ಕಲಬುರಗಿಯ ವೈದ್ಯರ ಚೀಟಿಗಳನ್ನೆಲ್ಲ ತರಿಸಿಕೊಂಡರು. ಹೊರಡುವ ಏಳು ವಾರ ಮೊದಲಿನ ಚೀಟಿಯೊಂದರಲ್ಲಿ ಬಿಪಿ ಗುಳಿಗೆಯ ಹೆಸರಿನ ಮುಂದೆ 'ಅರ್ಧ' ಎಂದು ಬರೆದಿತ್ತು. ಬಿಪಿ ಚೆನ್ನಾಗಿ ಹತೋಟಿಗೆ ಬಂದಿದೆಯೆಂದು ವೈದ್ಯರು ಸಂತೋಷದಿಂದ ಗುಳಿಗೆ ಕಡಿಮೆ ಮಾಡಿದ್ದರು. ಪಾಲಿಸಿಯ ಭಾಷೆಯಲ್ಲಿ ಪ್ರಮಾಣ ಹೆಚ್ಚಾದರೂ ಬದಲಾವಣೆ, ಕಡಿಮೆಯಾದರೂ ಬದಲಾವಣೆ. ಹಣ ಬರಲಿಲ್ಲ. ಮಗಳು ಆಸ್ಪತ್ರೆಯ ಬಿಲ್ಲನ್ನು ಕಂತಿನಲ್ಲಿ ತೀರಿಸಿದಳು. ಗುಳಿಗೆ ಬದಲಾಗಿದೆಯೇ ಎಂದು ನಾನು ಕೇಳಿರಲಿಲ್ಲ, ಆ ತಪ್ಪು ನನ್ನದು. ಅಂದಿನಿಂದ ನನ್ನ ರಿಜಿಸ್ಟರಿನಲ್ಲಿ 'ಕೊನೆಯ ಸಲ ಔಷಧಿ ಬದಲಾದ ದಿನಾಂಕ' ಎಂಬ ಕಲಮು ಕೆಂಪು ಶಾಯಿಯಲ್ಲಿದೆ.

ಪಾಲಿಸಿಯಿಂದ ಪಾಲಿಸಿಗೆ ಈ ಅವಧಿ ಬೇರೆ ಇರುತ್ತದೆ, ಕೆಲವಕ್ಕೆ 90 ದಿನ, ಕೆಲವಕ್ಕೆ 180, ವಯಸ್ಸಿನ ಮೇಲೂ ಬದಲಾಗಬಹುದು. ಅಮೆರಿಕದ ಪ್ರವಾಸಿ ವಿಮೆಗಳಲ್ಲಿ ಹಲವು ಹಳೆಯ ಕಾಯಿಲೆ ಹಠಾತ್ತಾಗಿ ಉಲ್ಬಣಿಸಿದಾಗ ಮಾತ್ರ, ಅದೂ ಮಿತಿಯೊಳಗೆ, ಹಣ ಕೊಡುತ್ತವೆ. ಆದ್ದರಿಂದ ಕೈಯಲ್ಲಿರುವ ಪಾಲಿಸಿಯ ಮಾತೇ ಕೊನೆಯ ಮಾತು, ವೀಸಾ ನಿಯಮಗಳನ್ನೂ ಅರ್ಜಿ ಹಾಕುವ ದಿನ ಆಯಾ ಸರಕಾರದ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು. ಇಷ್ಟು ಓದಿ ಯಾರೂ ವೈದ್ಯರು ಬದಲಿಸಿದ ಗುಳಿಗೆಯನ್ನು ವಿಮೆಗಾಗಿ ನುಂಗದೆ ಬಿಡಬಾರದು, ಬಿಪಿ ಶುಗರ್ ಮುಚ್ಚಿಡಲೂ ಬಾರದು. ಔಷಧಿ ಬದಲಿಸುವುದು ಅಗತ್ಯವಿದ್ದರೆ ಬದಲಿಸಿ, ಪ್ರಯಾಣವನ್ನು ಮುಂದೂಡಬೇಕು.

ಈ ಮಾತು ಹೇಳುವುದು ನನಗೆ ಸುಲಭವಲ್ಲ. ಹೋದ ಚಳಿಗಾಲದಲ್ಲಿ ಸೇಡಂನಿಂದ ಬಂದ ದಂಪತಿ ಮಗಳ ಹೆರಿಗೆಗೆಂದು ಫೆಬ್ರುವರಿಯಲ್ಲಿ ಕೆನಡಾಕ್ಕೆ ಹೊರಡುವವರಿದ್ದರು. ಆ ತಾಯಿ ಮಗಳಿಗಾಗಿ ಅಂಟಿನುಂಡಿ ಕಟ್ಟಲು ಕೊಬ್ಬರಿ, ಉತ್ತತ್ತಿ ಎಲ್ಲ ತಂದಿಟ್ಟುಕೊಂಡಿದ್ದರು. ಕೇಳುತ್ತಾ ಹೋದಾಗ ಯಜಮಾನರ ಶುಗರ್ ಗುಳಿಗೆ ಡಿಸೆಂಬರ್ 22ರಂದು ಬದಲಾದದ್ದು ತಿಳಿಯಿತು, ಅವರು ಆರಿಸಿಕೊಂಡ ಪಾಲಿಸಿಗೆ 90 ದಿನ ಬೇಕಿತ್ತು. ಮಗಳು ಫೋನಿನಲ್ಲಿ ಅತ್ತಳು. ಕೊನೆಗೆ ಅಮ್ಮ ಗೊತ್ತಾದ ದಿನವೇ ಒಬ್ಬರೇ ಹೋಗುವುದು, ಅಪ್ಪ ಮಾರ್ಚ್ ಕೊನೆಗೆ ಹೊರಡುವುದು ಎಂದು ತೀರ್ಮಾನವಾಯಿತು. ಆಕೆ ತಮ್ಮ ಗುಳಿಗೆಗಳನ್ನು ಎಲ್ಲರಂತೆ ಪಟ್ಟಿಯಿಂದ ಕತ್ತರಿಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದರು, ಯಾವ ತುಂಡಿನ ಮೇಲೂ ಹೆಸರಾಗಲಿ ತಾರೀಖಾಗಲಿ ಪೂರ್ತಿ ಉಳಿದಿರಲಿಲ್ಲ. ಅದನ್ನು ಮನೆಯಲ್ಲೇ ಬಿಡಿಸಿ, 90 ದಿನಕ್ಕೆ ಆಗುವಷ್ಟು ಹೊಸ ಪಟ್ಟಿಗಳನ್ನು ವೈದ್ಯರ ಚೀಟಿಯ ಜೊತೆ ಪೆಟ್ಟಿಗೆಯಲ್ಲೇ ಇಡಿಸಿದೆ. ಮಾರ್ಚ್‌ನಲ್ಲಿ ಯಜಮಾನರು ಹೊರಡುವ ಮುನ್ನ ನನ್ನ ಕಚೇರಿಗೆ ಬಂದು, ಡಿಸೆಂಬರಿನಿಂದ ಈಚಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿ, "ನೋಡ್ರಿ ಸರ, ಒಂದ್ ಗುಳಿಗಿನೂ ಬದಲಾಗಿಲ್ಲ" ಎಂದು ತೋರಿಸಿ ಹೋದರು.