ಹೊಳೆ ಸರಿದರೂ ಸರಿಯದ ಪಹಣಿ

ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ‘ಪಶ್ಚಿಮಕ್ಕೆ ಹೊಳೆ’ ಎಂದಷ್ಟೇ ಬರೆದ ಕ್ರಯಪತ್ರಗಳು ರಾಜ್ಯದ ಎಲ್ಲ ಕಡೆ ಸಿಗುತ್ತವೆ. 1908ರ ನೋಂದಣಿ ಕಾಯ್ದೆಯ 21ನೇ ಕಲಂ ಕೇಳುವುದು ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರವನ್ನು. ಹೊಳೆ ಈಗ ಎಲ್ಲಿ ಹರಿಯುತ್ತಿದೆ ಎಂದು ಸಬ್ ರಿಜಿಸ್ಟ್ರಾರ್ ಹೋಗಿ ನೋಡುವುದಿಲ್ಲ.

ಹೊಳೆ ಸರಿದರೆ ಜಮೀನು ಯಾರದು ಎಂಬ ತಕರಾರಿಗೆ ಬಂಗಾಳದಲ್ಲಿ ಲಿಖಿತ ನಿಯಮ ಬಂದದ್ದು 1825ರ 11ನೇ ರೆಗ್ಯುಲೇಷನ್ನಿನಲ್ಲಿ. ಗಂಗೆ ಒಂದು ದಡ ಕಡಿದು ಇನ್ನೊಂದು ದಡಕ್ಕೆ ಮಣ್ಣು ಕೂಡಿಸುವ ನಾಡು ಅದು. ಸ್ಥಳೀಯ ರೂಢಿ ಸ್ಪಷ್ಟವಾಗಿದ್ದರೆ ಅದೇ ಅಂತಿಮ. ರೂಢಿ ಇಲ್ಲದಿದ್ದರೆ, ನಿಧಾನವಾಗಿ ಕೂಡಿಕೊಂಡ ಮೆಕ್ಕಲು ಪಕ್ಕದ ಜಮೀನಿನವನಿಗೆ. ನದಿ ಒಮ್ಮೆಲೇ ಪಾತ್ರ ಬದಲಿಸಿ ಗುರುತು ಸಿಗುವಂಥ ಜಮೀನನ್ನು ಆಚೆ ದಡಕ್ಕೆ ಹಾಕಿದರೆ ಅದು ಹಳೇ ಮಾಲೀಕನಿಗೇ. ದೊಡ್ಡ ನದಿಯ ನಡುವೆ ದ್ವೀಪ ಎದ್ದರೆ, ದಡದಿಂದ ಅಲ್ಲಿಗೆ ಯಾವ ಕಾಲದಲ್ಲೂ ನೀರಲ್ಲಿ ನಡೆದು ಹೋಗಲಾಗದಿದ್ದರೆ ಅದು ಸರ್ಕಾರದ್ದು.

ಹಾಗಾದರೆ ಮುಳುಗಿ ಮತ್ತೆ ಎದ್ದ ಜಮೀನು? 1870ರಲ್ಲಿ ಲೋಪೆಜ್ ಪ್ರಕರಣದಲ್ಲಿ, ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಉತ್ತರಿಸಿತು: ಅದೇ ಜಾಗ ಎಂದು ಗುರುತಿಸಬಹುದಾದರೆ, ಮಾಲೀಕ ಹಕ್ಕು ಬಿಟ್ಟುಕೊಟ್ಟಿರದಿದ್ದರೆ, ನೀರಡಿ ಇದ್ದಷ್ಟು ಕಾಲವೂ ಅದು ಅವನದೇ. ಹಳೇ ಅಳತೆಯ ಕಾಗದಕ್ಕೆ ಇಷ್ಟು ಬೆಲೆ ಬಂದದ್ದು ಇಲ್ಲಿಂದ.

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗೆ ಬಂದದ್ದು ಬೇರೆ ಲೆಕ್ಕ. 1879ರ ಬಾಂಬೆ ಭೂಕಂದಾಯ ಸಂಹಿತೆಯಲ್ಲಿ, ದಡಕ್ಕೆ ಕೂಡಿದ ಮೆಕ್ಕಲು ಒಂದು ಎಕರೆ ಮೀರುವವರೆಗೆ ದಡದ ರೈತನಿಗೆ ತಾತ್ಕಾಲಿಕ ಉಪಯೋಗ ಮಾತ್ರ. ಮೀರಿದರೆ ಕಲೆಕ್ಟರ್ ವಿಲೇವಾರಿ ಮಾಡಬಹುದಿತ್ತು. ಆದರೆ ಮೊದಲು ಆ ರೈತನಿಗೇ ಕೊಡಲು ಮುಂದಾಗಬೇಕಿತ್ತು, ಬೆಲೆ ವಾರ್ಷಿಕ ಕಂದಾಯದ ಮೂರು ಪಟ್ಟು ದಾಟಬಾರದಿತ್ತು. ‘ಮಣ್ಣು ಬಂತು, ನನ್ನದಾಯಿತು’ ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ನದಿ, ಹಳ್ಳ, ಕೆರೆಗಳ ಪಾತ್ರವನ್ನೂ ಉಬ್ಬರದ ಗೆರೆಯಿಂದ ಕೆಳಗಿನ ಸಮುದ್ರತಳವನ್ನೂ, ಬೇರೆಯವರ ಸ್ವತ್ತೆಂದು ತೋರದ ಮಟ್ಟಿಗೆ, ಸರ್ಕಾರದ ಸ್ವತ್ತು ಎನ್ನುತ್ತದೆ.

ಈಗ ದಫ್ತರಕ್ಕೆ ಬನ್ನಿ. ಹಳೇ ಮೈಸೂರು ಮತ್ತು ಮುಂಬೈ ಕರ್ನಾಟಕದ ಗ್ರಾಮನಕ್ಷೆಗಳಲ್ಲಿ ಹೊಳೆಗೆ ಸಾಮಾನ್ಯವಾಗಿ ಸರ್ವೆ ನಂಬರೇ ಇಲ್ಲ. ಎರಡು ಗೆರೆಗಳ ನಡುವಿನ ಖಾಲಿ ಜಾಗ ಅದು. ಮದ್ರಾಸಿನ ಪದ್ಧತಿಯಲ್ಲಿ ಅಳೆದ ದಕ್ಷಿಣ ಕನ್ನಡದಲ್ಲಿ ಹೊಳೆಯೂ ಪರಂಬೋಕು (ಕಂದಾಯವಿಲ್ಲದ ಸರ್ಕಾರಿ ಜಾಗ) ಎಂದು ನಂಬರು ಪಡೆದಿದೆ. ಕೆರೆಗೆ ಸಾಮಾನ್ಯವಾಗಿ ತನ್ನದೇ ನಂಬರು ಇರುವುದರಿಂದ ಕೆರೆಯಂಗಳದ ಅಂಚನ್ನು ಹುಡುಕುವುದು ಹೊಳೆಯಷ್ಟು ಕಷ್ಟವಲ್ಲ.

ಒಂದು ಲೆಕ್ಕ ನೋಡಿ. ಪಹಣಿಯಲ್ಲಿ 2 ಎಕರೆ 20 ಗುಂಟೆ ಇದೆ. ಹೊಳೆ ಕಡೆಯ ಅಂಚು 330 ಅಡಿ ಉದ್ದ, ದಡ 33 ಅಡಿ ಒಳಗೆ ಕುಸಿದಿದೆ. ಗುಂಟೆ ಎಂದರೆ 33 ಅಡಿ ಚೌಕ, 1,089 ಚದರಡಿ. ಹೋದದ್ದು 10 ಗುಂಟೆ. ಯಾರೂ ಅರ್ಜಿ ಹಾಕಿ ತಿದ್ದಿಸದಿದ್ದರೆ ಪಹಣಿ 2–20 ಎಂದೇ ಹೇಳುತ್ತಿರುತ್ತದೆ, ಮುದ್ರಾಂಕ ಶುಲ್ಕವೂ ಅದರ ಮೇಲೇ. ಕೊಂಡವನು ಹತ್ತು ಗುಂಟೆ ನೀರಿಗೆ ದುಡ್ಡು ಕೊಟ್ಟಂತೆ.

ಆದ್ದರಿಂದ ಅಡ್ವಾನ್ಸ್ ಕೊಡುವ ಮುಂಚೆ ಟಿಪ್ಪಣಿ (ಸರ್ವೆಯ ಮೂಲ ಅಳತೆಯ ನಕ್ಷೆ), ಆಕಾರಬಂದ್ (ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮನಕ್ಷೆ ತೆಗೆಸಿ. ಆಕಾರಬಂದಿನಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆದದ್ದೆಷ್ಟು ನೋಡಿ: ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ, ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದು. ‘ಖರಾಬು ಸೇರಿ’ ಎಂದು ಪತ್ರದಲ್ಲಿ ಬರೆದ ಮಾತ್ರಕ್ಕೆ ‘ಬ’ ಖರಾಬು ಮಾರಾಟಗಾರನದಾಗುವುದಿಲ್ಲ. ಬಳಿಕ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿಸಿ. ಅಳತೆ ಹೊಳೆಯಂಚಿನಿಂದ ಶುರುವಾಗಬಾರದು. ನೀರಿಲ್ಲದ ಕಡೆ ಉಳಿದಿರುವ ಬಾಂದುಕಲ್ಲುಗಳಿಂದ (ಗಡಿಕಲ್ಲುಗಳಿಂದ) ಟಿಪ್ಪಣಿಯ ಅಳತೆ ಹಿಡಿದು ಹೊಳೆಯತ್ತ ಬರಬೇಕು. ಎಷ್ಟೋ ಅಳತೆ ಕೆಡುವುದು ಇಲ್ಲೇ: ಇಂದಿನ ನೀರಂಚನ್ನೇ ಗಡಿಯೆಂದು ಹಿಡಿದರೆ ತಪ್ಪು ಪಕ್ಕದವನ ಜಮೀನಿಗೆ ನೂಕಿಹೋಗುತ್ತದೆ. ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯೂ ಬೇಕು.

ನೇತ್ರಾವತಿ ಹೊಳೆಯ ಕುದ್ರುಗಳಂಥ (ನಡುಗಡ್ಡೆಗಳಂಥ) ಕಡೆ ಈ ಜಾಗ್ರತೆ ಇನ್ನೂ ಹೆಚ್ಚು ಬೇಕು, ಸುತ್ತಲೂ ನೀರೇ ಗಡಿ. ಸಮುದ್ರದ ಬದಿಯಲ್ಲಿ ಮತ್ತೊಂದು ಗೆರೆ ಸೇರುತ್ತದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರು ಒಳಗೆ ಎಳೆದದ್ದು. ಉಬ್ಬರವಿಳಿತ ಮುಟ್ಟುವ ಹೊಳೆದಂಡೆಗೆ 2019ರ ಅಧಿಸೂಚನೆಯಲ್ಲಿ 50 ಮೀಟರು ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಈ ಗೆರೆ ಮಾಲಿಕತ್ವವನ್ನು ಕಸಿಯುವುದಿಲ್ಲ, ನೋಂದಣಿಯನ್ನೂ ತಡೆಯುವುದಿಲ್ಲ. ಮನೆ ಕಟ್ಟಲು ಪರವಾನಗಿ ಕೇಳಿದ ದಿನ ಅದು ಎದುರಿಗೆ ಬರುತ್ತದೆ. ಪಹಣಿಯನ್ನಷ್ಟೇ ನೋಡಿ ಕೊಂಡವರಿಗೆ ಅಲ್ಲಿಯವರೆಗೆ ಅದರ ಸುಳಿವೂ ಇರುವುದಿಲ್ಲ.