ಹಲ್ಲಿನೊಳಗಿನ ಪ್ರೋಟೀನ್ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮಗಳಿಗೆ ಆರು ವರ್ಷ. ಕೆಳಗಿನ ಎದುರು ಹಲ್ಲು ಬಿದ್ದು ಹೊಸದು ಮೂಡುತ್ತಿದೆ. ನಮ್ಮಲ್ಲಿ ಮೊಟ್ಟೆ, ಮೀನು ತಿನ್ನುವುದಿಲ್ಲ. ಹಲ್ಲಿಗೆ ಬೇಕಾದ ಪ್ರೋಟೀನ್ ಎಲ್ಲಿಂದ ಸಿಗಬೇಕು?
— ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಗಾಬರಿ ಬೇಡ. ಈಗ ಮೂಡುತ್ತಿರುವ ಹಲ್ಲಿನ ಹೊಳೆಯುವ ಭಾಗ ಅವಳಿಗೆ 4–5 ವರ್ಷ ಆಗುವಾಗಲೇ ದವಡೆಯೊಳಗೆ ತಯಾರಾಗಿರುತ್ತದೆ.

ತಿಂದ ಪ್ರೋಟೀನ್ ಹಾಗೇ ಹೋಗಿ ಹಲ್ಲಿಗೆ ಸೇರುವುದಿಲ್ಲ. ಅದು ಅಮೈನೋ ಆಮ್ಲಗಳಾಗಿ ಒಡೆದು ರಕ್ತ ಸೇರುತ್ತದೆ. ಆ ಸಾಮಾನಿನಿಂದ ಹಲ್ಲಿನ ಜೀವಕೋಶಗಳು ತಮ್ಮ ಪ್ರೋಟೀನನ್ನು ಅಲ್ಲೇ ತಯಾರಿಸಿಕೊಳ್ಳುತ್ತವೆ.

ಮೇಲಿನ ಗಟ್ಟಿ ಪದರ ಎನಾಮೆಲ್. ಅದನ್ನು ಕಟ್ಟುವ ಕೋಶಗಳಿಗೆ ಅಮೆಲೋಬ್ಲಾಸ್ಟ್ ಎಂದು ಹೆಸರು. ಅವು ಸುರಿಸುವ ಪ್ರೋಟೀನಿನಲ್ಲಿ ಸುಮಾರು 90% ಅಮೆಲೋಜೆನಿನ್. ತಾರಸಿ ಹಾಕುವಾಗ ಸೆಂಟ್ರಿಂಗ್ ಹೊಡೆದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ ಅಲ್ವಾ? ಇಲ್ಲೂ ಹಾಗೇ. ಖನಿಜ ತುಂಬುತ್ತಾ ಬಂದಂತೆ ಎರಡು ಕಿಣ್ವಗಳು ಈ ಪ್ರೋಟೀನನ್ನು ಕತ್ತರಿಸಿ ತೆಗೆಯುತ್ತವೆ. ಕೊನೆಗೆ ಎನಾಮೆಲ್ ತೂಕದಲ್ಲಿ ಸುಮಾರು 96% ಖನಿಜವೇ. ನನಗಂತೂ ಇದು ಎಷ್ಟು ಸಲ ಓದಿದರೂ ಬೆರಗು.

ಅದರ ಕೆಳಗಿನ ಹಳದಿ ಡೆಂಟಿನ್ ಕಥೆ ಬೇರೆ. ಅಲ್ಲಿ ಓಡಾಂಟೋಬ್ಲಾಸ್ಟ್ ಎಂಬ ಕೋಶಗಳು ಕೊಲಾಜೆನ್ ನೇಯುತ್ತವೆ. ಅದು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿನಂತೆ ಒಳಗೇ ಉಳಿಯುತ್ತದೆ. ಬಿದ್ದ ಹಾಲುಹಲ್ಲನ್ನು ಮಾಡಿನ ಮೇಲೆ ಎಸೆಯುವ ಬದಲು ವಿನೆಗರಿನಲ್ಲಿ ಹಾಕಿಡಿ, ಆಗಾಗ ವಿನೆಗರ್ ಬದಲಿಸಿ. ಕೆಲವು ವಾರದಲ್ಲಿ ಎನಾಮೆಲ್ ಕರಗಿ ಹೋಗುತ್ತದೆ. ಉಳಿದದ್ದನ್ನು ಉಗುರಿನಿಂದ ಒತ್ತಿದರೆ ರಬ್ಬರಿನಂತೆ ತಗ್ಗುತ್ತದೆ. ನಿಮ್ಮ ಬೆರಳಿಗೆ ಸಿಗುವುದು ಅದೇ ಕೊಲಾಜೆನ್.

ಹೊರಗಿನಿಂದ ಬಂದು ಸೇರುವ ಪ್ರೋಟೀನೂ ಸ್ವಲ್ಪ ಇದೆ. ಲಿವರಿನಲ್ಲಿ ತಯಾರಾಗುವ ಫೆಟುಯಿನ್ ರಕ್ತದ ಜೊತೆ ಬಂದು ಡೆಂಟಿನ್‌ನಲ್ಲಿ ನೆಲೆಯಾಗುತ್ತದೆ. ಬೆಳೆಯುವ ಎನಾಮೆಲ್‌ನಲ್ಲಿ ರಕ್ತದ ಇನ್ನೊಂದು ಪ್ರೋಟೀನ್ ಅಲ್ಬುಮಿನ್ ಕಂಡರೆ ಮಾತ್ರ, ಅದೂ ಹೀಗೇ ಬಂದು ಸೇರಿದ್ದು ಎನ್ನುವ ಮೊದಲು ಸಂಶೋಧಕರಿಗೆ ಸ್ವಲ್ಪ ಎಚ್ಚರ ಬೇಕು: ಮಾದರಿ ತೆಗೆಯುವಾಗ ತಾಗಿದ ರಕ್ತದಿಂದಲೂ ಅದು ಬಂದಿರಬಹುದು.

ಇನ್ನು ಊಟ. ಕುಚ್ಚಿಲಕ್ಕಿ ಗಂಜಿ, ಹೆಸರುಕಾಳು, ಬೇಳೆ, ಮೊಸರು ಹೊಟ್ಟೆ ತುಂಬ ತಿಂದರೆ ಅಮೈನೋ ಆಮ್ಲಗಳಿಗೆ ಕೊರತೆಯಿಲ್ಲ. ಅವಳ ಎರಡನೇ ಶಾಶ್ವತ ದವಡೆ ಹಲ್ಲು ಈಗಲೂ ಒಳಗೆ ತಯಾರಾಗುತ್ತಿದೆ. ಮೊದಲನೆಯದು ಈ ವಯಸ್ಸಿನಲ್ಲೇ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸುಮ್ನೆ ಮೂಡುತ್ತದೆ. ಜಾಸ್ತಿ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹಲ್ಲು ಹೊರಬರುವಷ್ಟರಲ್ಲಿ ಅಮೆಲೋಬ್ಲಾಸ್ಟ್‌ಗಳು ಇಲ್ಲವಾಗಿರುತ್ತವೆ, ಹಾಗಾಗಿ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಇವತ್ತು ರಾತ್ರಿ ಟಾರ್ಚ್ ಹಿಡಿದು ಅವಳ ಬಾಯಿಯ ಹಿಂದಿನ ಮೂಲೆ ನೋಡಿ. ಬಂದಿದ್ದರೆ ಬ್ರಷ್ ಅಲ್ಲಿಯವರೆಗೂ ಹೋಗಲಿ.